ಕೆಂಪು ದೀಪ ಆರಿದ ಮಾತ್ರಕ್ಕೆ ಇಂಜಿನ್ ಬದುಕಿದೆ ಅಂತಲ್ಲ

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಗೂಡು ಮುಟ್ಟಿ ನೋಡದೆ ಯಾವ ರೀಲರೂ ದರ ಹೇಳಲ್ಲ. ಅದೇ ಜಿಲ್ಲೆಯಲ್ಲಿ ಐದಾರು ಲಕ್ಷ ಕೊಟ್ಟು ಹಳೇ ಸ್ಪೋರ್ಟ್ಸ್ ಕಾರು ಕೊಳ್ಳೋರು ಏನು ನೋಡ್ತಾರೆ? ಪೇಂಟು, ಅಲಾಯ್ ವೀಲು, ಸೈಲೆನ್ಸರ್ ಸದ್ದು. ಇಂಜಿನ್ ಹೇಗಿದೆ ಅಂತ ಕೇಳಿದರೆ ಬ್ರೋಕರ್ ಹತ್ತಿರ ಉತ್ತರ ಸಿದ್ಧ: 'ಆಯಿಲ್ ಲೈಟು ಆರಿದೆಯಲ್ಲ ಸಾರ್, ಇನ್ನೇನು ಬೇಕು?' ನನ್ನ ಜಗಳ ಇರೋದು ಈ ಒಂದು ಮಾತಿನ ಜೊತೆ.

ಎಣ್ಣೆ ಗಿಂಡಿಯ ಚಿತ್ರ ಇರೋ ಆ ಕೆಂಪು ದೀಪ ಆರೋಗ್ಯದ ಸರ್ಟಿಫಿಕೇಟ್ ಅಲ್ಲ, ಸಾವಿನ ಸುದ್ದಿ. ಬಹುಪಾಲು ಕಾರುಗಳಲ್ಲಿ ಅದು ಹತ್ತೋದು ಆಯಿಲ್ ಪ್ರೆಷರ್ ಸುಮಾರು 4ರಿಂದ 7 ಪಿಎಸ್‌ಐಗೆ ಇಳಿದ ಮೇಲೆ. ಬಂಕಿನಲ್ಲಿ 'ಟೈರಿಗೆ 32 ಹಾಕಪ್ಪ' ಅಂತೀವಲ್ಲ, ಅದೇ ಪಿಎಸ್‌ಐ. ಹಳೇ ಮೆಕ್ಯಾನಿಕ್‌ಗಳ ಲೆಕ್ಕ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ. ಅಂದರೆ 4000 ಆರ್‌ಪಿಎಂನಲ್ಲಿ 40 ಇರಬೇಕಾದ ಕಡೆ 12 ಇದ್ದರೆ ಬೇರಿಂಗುಗಳು ಸವೆದು ಹೋಗ್ತಿರ್ತವೆ. ಆಗಲೂ ದೀಪ ಹತ್ತಲ್ಲ!

ಇದು ಅರ್ಥವಾಗೋಕೆ ಇಂಜಿನಿಯರಿಂಗ್ ಓದಬೇಕಿಲ್ಲ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಇಟ್ಟರೆ ನೀರು ಚಿಮ್ಮುತ್ತೆ, ಬೆರಳು ತೆಗೆದರೆ ಸುಮ್ಮನೆ ಸುರಿಯುತ್ತೆ. ಪಂಪು ಕೊಡೋದು ಹರಿವು. ಒತ್ತಡ ಹುಟ್ಟೋದು ಅಡ್ಡಿಯಿಂದ. ಇಂಜಿನ್‌ನಲ್ಲಿ ಆ ಬೆರಳಿನ ಕೆಲಸ ಮಾಡೋದು ಕ್ರ್ಯಾಂಕು ಮತ್ತು ಬೇರಿಂಗಿನ ನಡುವಿನ ಸಣ್ಣ ಸಂದು. ಬೇರಿಂಗ್ ಸವೆದರೆ ಸಂದು ದೊಡ್ಡದಾಗುತ್ತೆ, ಪ್ರೆಷರ್ ಬೀಳುತ್ತೆ. ಬಿಸಿಯಾದ ಆಯಿಲ್ ತೆಳುವಾಗೋದರಿಂದ ಇನ್ನಷ್ಟು ಬೀಳುತ್ತೆ. ಬೆಳಗ್ಗೆ ತಣ್ಣಗಿನ ಇಂಜಿನ್ ಮೇಲೆ ಎಲ್ಲ ಕಾರೂ ಪೈಲ್ವಾನೇ. ಅದಕ್ಕೇ ಮಾರುವವರು ನಿಮ್ಮನ್ನು ಬೆಳಗ್ಗೆಯೇ ಕರೆಸೋದು.

ಇನ್ನೊಂದು ಕಳ್ಳಾಟ ಇದೆ. 5ಡಬ್ಲ್ಯು-30 ಹಾಕಬೇಕಾದ ಇಂಜಿನ್‌ಗೆ ದಪ್ಪನೆಯ 20ಡಬ್ಲ್ಯು-50 ಸುರಿದುಬಿಡೋದು. ಮುಳ್ಳು ಮೇಲೇರುತ್ತೆ, ಟಕಟಕ ಸದ್ದೂ ಅಡಗುತ್ತೆ. ಬೇರಿಂಗ್ ಮಾತ್ರ ಸವೆದದ್ದು ಸವೆದ ಹಾಗೇ ಇರುತ್ತೆ.

ಮಾರುವವರನ್ನಷ್ಟೇ ಬೈದರೆ ಅನ್ಯಾಯ. ಮಾಗಡಿ ಕಡೆ ಹೊಲ ಉಳುವ ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಆಯಿಲ್ ಪ್ರೆಷರ್ ಗೇಜು ಇದೆ. ಹಳೇ ಮಹೀಂದ್ರಾ ಜೀಪುಗಳಲ್ಲೂ ಇತ್ತು. ವೇಗಕ್ಕೇ ಹೆಸರಾದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಂಥ ಕಾರಿನಲ್ಲಿ ಬರೀ ದೀಪ! ಜಪಾನಿನ ಮಾಜ್ದಾ ಎಂಎಕ್ಸ್-5 ಕಥೆ ಇನ್ನೂ ಚೆನ್ನಾಗಿದೆ. 1989ರಲ್ಲಿ ಬಂದಾಗ ಅದರಲ್ಲಿ ನಿಜವಾದ ಗೇಜು ಇತ್ತು. 1995ರ ಮಾದರಿಯ ಹೊತ್ತಿಗೆ ಗೇಜಿನ ವೇಷದಲ್ಲಿ ಸ್ವಿಚ್ಚು ಕೂತಿತ್ತು. ಪ್ರೆಷರ್ ಸ್ವಲ್ಪ ಇದ್ದರೂ ಸಾಕು, ಮುಳ್ಳು ಮಧ್ಯಕ್ಕೆ ಬಂದು ನಿಲ್ಲುತ್ತಿತ್ತು. ಗಿರಾಕಿಗೆ ಸತ್ಯ ಬೇಡ, ಸಮಾಧಾನ ಸಾಕು ಅನ್ನೋದು ಇದೇ ಅಲ್ವಾ?

'ಈಗಿನ ಇಂಜಿನ್ ಎಲ್ಲ ಕಂಪ್ಯೂಟರ್ ನೋಡ್ಕೊಳ್ಳುತ್ತೆ, ಗೇಜು ಇದ್ದರೆ ಸುಮ್ಮನೆ ಭಯ' ಅನ್ನೋರಿದ್ದಾರೆ. ವಾರಂಟಿ ಇರೋ ಹೊಸ ಕಾರಿಗೆ ಈ ಮಾತು ಒಪ್ಪೋಣ. ಕೆಲವು ಹೊಸ ಇಂಜಿನ್‌ಗಳ ಪಂಪು ಬೇಕೆಂದೇ ಪ್ರೆಷರ್ ಕಡಿಮೆ ಇಟ್ಟುಕೊಳ್ಳುತ್ತೆ, ಅಲ್ಲಿ ಹಳೇ ಲೆಕ್ಕ ನಡೆಯಲ್ಲ ಅನ್ನೋದೂ ನಿಜ. ಹಾಗಿದ್ದರೆ ಆ ಮಾದರಿಯ ಸರ್ವೀಸ್ ಮ್ಯಾನ್ಯುಯಲ್ ಹೇಳೋ ಅಂಕಿ ಇನ್ನೂ ಹೆಚ್ಚು ಬೇಕಾಯ್ತಲ್ಲ ಸ್ವಾಮಿ! ಮೂರು ಕೈ ಬದಲಾದ ಕಾರಿಗೆ ವಾರಂಟಿ ಯಾರು ಕೊಡ್ತಾರೆ? ಆರ್‌ಟಿಒದಲ್ಲಿ ನಮೂನೆ 29, 30ಕ್ಕೆ ಸಹಿ ಬೀಳುತ್ತೆ, ಹೆಸರು ಬದಲಾಗುತ್ತೆ. ಬೇರಿಂಗ್ ಹೇಗಿದೆ ಅಂತ ಯಾವ ನಮೂನೆಯೂ ಕೇಳಲ್ಲ.

2023ರಿಂದ ನಮ್ಮ ರಸ್ತೆಯೂ ಬದಲಾಗಿದೆ. ಮೊದಲು ರಾಮನಗರ, ಚನ್ನಪಟ್ಟಣದ ಊರೊಳಗಿನ ಟ್ರಾಫಿಕ್ಕಿನಲ್ಲಿ ಇಂಜಿನ್‌ಗೆ ಆಗಾಗ ಬಿಡುವು ಸಿಗ್ತಿತ್ತು. ಈಗ ಬೈಪಾಸ್ ಮೇಲೆ ನೂರರ ವೇಗದಲ್ಲಿ ಒಂದೇ ಸಮ ಓಟ. ಸವೆದ ಬೇರಿಂಗ್ ಬಣ್ಣ ಬಯಲಾಗೋದು ಅಲ್ಲೇ. ಆ ವೇಗದಲ್ಲಿ ಇಂಜಿನ್ ಹಿಡಿದುಕೊಂಡರೆ ಸ್ಟೀರಿಂಗ್ ಬಿಗಿಯಾಗುತ್ತೆ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕು ಕಲ್ಲಾಗುತ್ತೆ. ಹೋಗೋದು ಬರೀ ದುಡ್ಡಲ್ಲ.

ಆದ್ದರಿಂದ ಕೊಳ್ಳೋ ಮುಂಚೆ ಹೀಗೆ ಮಾಡಿ. ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಕೆಂಪು ದೀಪ ಹತ್ತಲೇಬೇಕು. ಹತ್ತದಿದ್ದರೆ ಬಲ್ಬು ಹೋಗಿರಬೇಕು, ಇಲ್ಲಾ ಯಾರೋ ವೈರು ಕಿತ್ತಿರಬೇಕು. ಆಮೇಲೆ ಅರ್ಧ ಗಂಟೆ ಓಡಿಸಿ. ಪ್ರೆಷರ್ ಸ್ವಿಚ್ಚು ಬಿಚ್ಚಿಸಿ, ಆ ಜಾಗಕ್ಕೆ ಮೆಕ್ಯಾನಿಕಲ್ ಟೆಸ್ಟ್ ಗೇಜು ಹಾಕಿಸಿ. ಐಡಲ್‌ನಲ್ಲಿ ಎಷ್ಟು, 2000ದಲ್ಲಿ ಎಷ್ಟು, 3000ದಲ್ಲಿ ಎಷ್ಟು ಅಂತ ಬರೆದುಕೊಂಡು ಮ್ಯಾನ್ಯುಯಲ್ ಜೊತೆ ಹೋಲಿಸಿ. ಓಡಿಸುವಾಗ ದೀಪ ಹತ್ತಿತು ಅಂದರೆ 'ಮುಂದಿನ ಗ್ಯಾರೇಜ್‌ವರೆಗೆ ಹೋಗೋಣ' ಅನ್ನಬೇಡಿ. ಪಕ್ಕಕ್ಕೆ ಹಾಕಿ ಆಫ್ ಮಾಡಿ.

ಗೇಜು ಹಾಕೋದಕ್ಕೆ ಮಾರುವವನು ಒಪ್ಪದಿದ್ದರೆ ಜಗಳ ಆಡೋ ಅಗತ್ಯವಿಲ್ಲ. ಅವನಿಗೆ ಆ ಅಂಕಿ ಮೊದಲೇ ಗೊತ್ತಿದೆ ಅಂತ ತಿಳಿದು ವಾಪಸ್ ಬನ್ನಿ.