ಕೆಂಗೇರಿಯ ಬಿಬಿಎಗೆ ಕಾಮಾಕ್ಷಿಪಾಳ್ಯವೂ ಪಠ್ಯವಾಗಲಿ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮನೆಗಳಲ್ಲಿ ಕಾಮರ್ಸ್ ಓದುವ ಮಕ್ಕಳಿದ್ದರೆ ಹಿಂದೆಲ್ಲ ಪಿಯುಸಿ ಫಲಿತಾಂಶದ ನಂತರವೇ ಮುಂದಿನ ಮಾತು. ಬಿ.ಕಾಂ. ಸೇರಿ, ಜೊತೆಗೆ ಟ್ಯಾಲಿ ಕಲಿತು, ಸಾಧ್ಯವಾದರೆ ಸಿಎ ಪರೀಕ್ಷೆ ಕಟ್ಟುವುದು ಸಾಮಾನ್ಯ ಹಾದಿಯಾಗಿತ್ತು. ಈಗ ಫಲಿತಾಂಶಕ್ಕೆ ಮೊದಲೇ ಬಿಬಿಎ ಪ್ರವೇಶ ಪರೀಕ್ಷೆ, ಸಂದರ್ಶನಗಳ ಓಡಾಟ ಶುರುವಾಗಿರುತ್ತದೆ. ಆ ಓಡಾಟದಲ್ಲಿ ಹೆಚ್ಚು ಕೇಳಿಬರುವ ಹೆಸರುಗಳಲ್ಲಿ ಕ್ರೈಸ್ಟ್ ವಿಶ್ವವಿದ್ಯಾಲಯ ಒಂದು. 1969ರಲ್ಲಿ ಹೊಸೂರು ರಸ್ತೆಯಲ್ಲಿ ಕಾಲೇಜಾಗಿ ಹುಟ್ಟಿ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಈ ಸಂಸ್ಥೆ, 2009ರಲ್ಲಿ ಮೈಸೂರು ರಸ್ತೆಯ ಕಣಿಮಿಣಿಕೆಯಲ್ಲಿ ಕೆಂಗೇರಿ ಕ್ಯಾಂಪಸ್ ತೆರೆಯಿತು. ಆಗ ಅದು ಊರಾಚೆಯ ಜಾಗ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಗೆ ಬಂತು, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ ಮುಂದುವರಿಯಿತು. ಅತ್ತಿಗುಪ್ಪೆಯಲ್ಲಿ ರೈಲು ಹತ್ತಿದ ಹುಡುಗಿಗೆ ಹೊಸೂರು ರಸ್ತೆಗೆ ಹೋಗುತ್ತ ಕೋರಮಂಗಲದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವ ಕಷ್ಟ ಈಗಿಲ್ಲ.

ದಾರಿ ಹತ್ತಿರವಾದ ಮೇಲೆ ತಂದೆತಾಯಿಯರು ಕೇಳುವುದು ಸಾಮಾನ್ಯವಾಗಿ ಮೂರು: ಫೀಸು ಎಷ್ಟು, ಪ್ಲೇಸ್‌ಮೆಂಟ್ ಹೇಗೆ, ಪಾದ್ರಿಗಳು ನಡೆಸುವ ಸಂಸ್ಥೆಯಾದ್ದರಿಂದ ಮಗುವಿನ ಮೇಲೆ ಧರ್ಮದ ಒತ್ತಡ ಬೀಳುತ್ತದೆಯೇ. ಮೂರನೆಯದಕ್ಕೆ ಸಂವಿಧಾನವೇ ಉತ್ತರ ಕೊಟ್ಟಿದೆ. ಸರ್ಕಾರದ ಮಾನ್ಯತೆ ಪಡೆದ ಯಾವುದೇ ಶಿಕ್ಷಣ ಸಂಸ್ಥೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎನ್ನುತ್ತದೆ 28ನೇ ವಿಧಿಯ ಮೂರನೇ ಉಪವಿಧಿ. ಎಲ್ಲ ಧರ್ಮದ ಮಕ್ಕಳೂ ಓದುವ ಕಡೆ ಈ ಭಯವನ್ನು ಬೆಳೆಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಯಾರೂ ಕೇಳದ ನಾಲ್ಕನೆಯ ಪ್ರಶ್ನೆಯೇ ನನಗೆ ಮುಖ್ಯವಾಗಿ ಕಾಣುತ್ತದೆ. ವ್ಯವಹಾರ ಕಲಿಯಲು ಹೋಗುವ ಮಕ್ಕಳು ಯಾರ ವ್ಯವಹಾರವನ್ನು ಕಲಿಯುತ್ತಾರೆ?

ಕ್ರೈಸ್ತ ಸಂಸ್ಥೆಗಳನ್ನೇ ಈ ಪ್ರಶ್ನೆ ಕೇಳುವುದಕ್ಕೆ ಕಾರಣವಿದೆ. ಕನ್ನಡ ನಾಡಿನಲ್ಲಿ ಆಧುನಿಕ ಉದ್ಯಮವನ್ನು ಕೈಯಾರೆ ಮಾಡಿ ಕಲಿಸಿದ ಮೊದಲಿಗರಲ್ಲಿ ಕ್ರೈಸ್ತ ಮಿಷನ್‌ನವರೂ ಇದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಮುದ್ರಣಾಲಯ ಹಾಕಿತು. ಎರಡು ವರ್ಷದ ಬಳಿಕ ಅಲ್ಲಿಂದಲೇ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಮತಾಂತರವಾಗಿ ಕುಲಕಸುಬನ್ನೂ ಊರಿನ ಆಸರೆಯನ್ನೂ ಕಳೆದುಕೊಂಡವರಿಗೆ ಅನ್ನದ ದಾರಿ ಬೇಕಿತ್ತು. ಅದಕ್ಕಾಗಿ ನೇಯ್ಗೆ ಮಗ್ಗಗಳು ಬಂದವು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಜೇಡಿ ಮಣ್ಣಿನ ಗುಣ, ಸುಡುವ ಹದ, ಹಡಗಿನಲ್ಲಿ ಸಾಗಿಸುವ ಲೆಕ್ಕ ಎಲ್ಲವನ್ನೂ ಅಲ್ಲಿ ಕೆಲಸ ಮಾಡುತ್ತಲೇ ಕಲಿತರು. ‘ಮಂಗಳೂರು ಹೆಂಚು’ ಸಮುದ್ರ ದಾಟಿ ಹೋಯಿತು. ಮಿಷನ್‌ನ ಮತಪ್ರಚಾರವನ್ನು ಒಪ್ಪದವರೂ ಆ ಕಾರ್ಖಾನೆಗಳಲ್ಲಿ ಕೆಲಸ ಕಲಿತು ಮುಂದೆ ಬಂದವರನ್ನು ಅಲ್ಲಗಳೆಯಲಾರರು.

ಕ್ರೈಸ್ಟ್ ವಿಶ್ವವಿದ್ಯಾಲಯವನ್ನು ನಡೆಸುವ ಸಿಎಂಐ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಭೆಯದೂ ಅಂಥದೇ ಪರಂಪರೆ. 1831ರಲ್ಲಿ ಕೇರಳದ ಮಾನ್ನಾನಂನಲ್ಲಿ ಆರಂಭವಾದ ಈ ಸಭೆಯ ಸ್ಥಾಪಕರಲ್ಲಿ ಒಬ್ಬರಾದ, 2014ರಲ್ಲಿ ಸಂತ ಪದವಿ ಪಡೆದ ಕುರಿಯಾಕೋಸ್ ಏಲಿಯಾಸ್ ಚಾವರ ಅವರು ಚರ್ಚಿಗೊಂದು ಶಾಲೆ ಇರಲೇಬೇಕೆಂದವರು. ಬಡ ಮಕ್ಕಳು ಹಸಿದು ಕೂರಬಾರದೆಂದು ಮನೆಮನೆಯಲ್ಲಿ ಅಡುಗೆಗೆ ಮುನ್ನ ಹಿಡಿ ಅಕ್ಕಿ ಎತ್ತಿಡಿಸಿ ಮಧ್ಯಾಹ್ನದ ಊಟ ಕೊಡಿಸಿದರು. ಪಶ್ಚಿಮ ಬೆಂಗಳೂರಿನಲ್ಲೂ ಅಂಥ ಹೆಜ್ಜೆಗುರುತಿದೆ. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಬೆಂಗಳೂರು ಮಹಾಧರ್ಮಪ್ರಾಂತ್ಯ 1970ರ ದಶಕದ ಕೊನೆಯಿಂದ ಕುಷ್ಠರೋಗದಿಂದ ನೊಂದವರಿಗೆ ಚಿಕಿತ್ಸೆಯ ಜೊತೆ ಕೈಕೆಲಸವನ್ನೂ ಕಲಿಸುತ್ತ ಬಂದಿದೆ. ಈ ಪರಂಪರೆಯಲ್ಲಿ ಸೇವೆ, ದುಡಿಮೆ, ವಿದ್ಯೆ ಒಂದೇ ಕಡೆ ಇದ್ದವು.

ಈಗ ಕೆಂಗೇರಿಯ ಸುತ್ತ ಏನಿದೆ ನೋಡಿ. ನೈಋತ್ಯಕ್ಕೆ ಕುಂಬಳಗೋಡು ಕೈಗಾರಿಕಾ ಪ್ರದೇಶ, ಅದರಾಚೆ ಬಿಡದಿಯ ಟೊಯೊಟಾ ಕಾರ್ಖಾನೆ, ಇನ್ನೂ ಮುಂದೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದ ಗೊಂಬೆ. ಈಶಾನ್ಯಕ್ಕೆ ತಿರುಗಿದರೆ ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳು, ಸುಂಕದಕಟ್ಟೆಯ ಗಾರ್ಮೆಂಟ್ಸ್, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್, ಆಚೆಗೆ ಪೀಣ್ಯ. ಸ್ವಾತಂತ್ರ್ಯದ ಹೊಸದರಲ್ಲಿ ರಾಜಾಜಿನಗರವನ್ನು ಕಟ್ಟಿದ್ದೇ ಕೈಗಾರಿಕಾ ಬಡಾವಣೆ ಎಂದು. ಇಷ್ಟೊಂದು ಬಗೆಯ ವ್ಯಾಪಾರ ಮೂವತ್ತು ನಲವತ್ತು ಕಿಲೋಮೀಟರಿನೊಳಗೆ ಸಿಗುವ ಬಿಜಿನೆಸ್ ಸ್ಕೂಲುಗಳು ದೇಶದಲ್ಲಿ ಎಷ್ಟಿವೆ? ಆದರೂ ನಮ್ಮ ಬಿಬಿಎ ತರಗತಿಗಳಲ್ಲಿ, ಯಾವ ಕಾಲೇಜಾದರೂ ಸರಿ, ಉದಾಹರಣೆ ಎಂದರೆ ಸ್ಟಾರ್‌ಬಕ್ಸ್, ಆ್ಯಪಲ್, ಅಮೆಜಾನ್.

ಕಾಮಾಕ್ಷಿಪಾಳ್ಯದಲ್ಲಿ ಬಿಡಿಭಾಗ ಮಾಡುವ ಶೆಡ್ಡಿನ ಮಾಲೀಕರನ್ನು ಅವರ ದೊಡ್ಡ ತಲೆನೋವು ಯಾವುದೆಂದು ಕೇಳಿ. ಮಾಲು ಹೋಗಿ ಮೂರು ತಿಂಗಳಾದರೂ ದೊಡ್ಡ ಕಂಪನಿಯಿಂದ ದುಡ್ಡು ಬಂದಿಲ್ಲ ಎನ್ನುತ್ತಾರೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಹೀಗೆ ತಡಮಾಡಿದ ಹಣವನ್ನು ಖರ್ಚೆಂದು ತೋರಿಸಿ ಆ ವರ್ಷ ತೆರಿಗೆ ಉಳಿಸಲಾಗದಂತೆ 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಗೆ ಹೊಸ ಷರತ್ತು ಸೇರಿಸಿತು. ಕಾನೂನು ಇಷ್ಟು ಗಟ್ಟಿಯಾಗಿದ್ದರೂ ಮಾಲೀಕರು ದೂರು ಕೊಡುವುದಿಲ್ಲ, ಕೊಟ್ಟರೆ ಮುಂದಿನ ಆರ್ಡರ್ ಬೇರೆ ಶೆಡ್ಡಿಗೆ ಹೋಗುತ್ತದೆ. ವರ್ಕಿಂಗ್ ಕ್ಯಾಪಿಟಲ್, ಗ್ರಾಹಕರ ಬಲ, ಕಾನೂನಿನ ಮಿತಿ, ಮನುಷ್ಯರ ಭಯ ಎಲ್ಲವೂ ಈ ಒಂದೇ ಶೆಡ್ಡಿನಲ್ಲಿವೆ. ಇಲ್ಲಿ ಒಂದು ಸೆಮಿಸ್ಟರ್ ಕೂತು ಬಿಲ್ಲುಗಳನ್ನು ತಿರುವಿಹಾಕಿದ ವಿದ್ಯಾರ್ಥಿ ಕಲಿಯುವಷ್ಟನ್ನು ಸ್ಲೈಡುಗಳಿಂದ ಕಲಿಯಲು ಸಾಧ್ಯವೇ ಇಲ್ಲ.

2025ರ ಜುಲೈ ಇನ್ನೂ ನೆನಪಿನಲ್ಲಿದೆ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ನೋಟಿಸು ಕಳಿಸಿತು. ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಬಿದ್ದವು. ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತಾಜಾ ತರಕಾರಿ, ಹಾಲಿಗೆ ತೆರಿಗೆಯೇ ಇಲ್ಲ. ಒಂದೂವರೆ ಕೋಟಿವರೆಗಿನ ವ್ಯಾಪಾರಿ ಕಾಂಪೊಸಿಷನ್ ಯೋಜನೆಯಲ್ಲಿ ಶೇ 1 ಕಟ್ಟಿ ಮುಗಿಸಬಹುದು. ಇದನ್ನು ಸಮಾಧಾನವಾಗಿ, ಕನ್ನಡದಲ್ಲಿ, ಅಂಗಡಿಯಲ್ಲೇ ಕೂತು ಹೇಳುವವರು ಸಾಲಲಿಲ್ಲ. ತಮ್ಮ ಖಾತೆಗೆ ಬಂದ ನೆಂಟರ ಕೈಸಾಲವನ್ನೂ ವ್ಯಾಪಾರದ ಹಣವನ್ನೂ ಬೇರ್ಪಡಿಸಿ ತೋರಿಸಲಾಗದೆ ವ್ಯಾಪಾರಿಗಳು ಕಂಗಾಲಾದರು. ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಕೊನೆಗೆ ಮುಖ್ಯಮಂತ್ರಿಯೇ ಭರವಸೆ ಕೊಡಬೇಕಾಯಿತು. ಆ ವಾರಗಳಲ್ಲಿ ವಿಜಯನಗರದ ಪ್ರತಿ ಬೀದಿಗೂ ಇಬ್ಬರು ಬಿಬಿಎ ವಿದ್ಯಾರ್ಥಿಗಳು ಲೆಕ್ಕದ ಪುಸ್ತಕ ಹಿಡಿದು ಹೋಗಿದ್ದರೆ ಅಂಗಡಿಯವರಿಗೂ ವಿದ್ಯಾರ್ಥಿಗಳಿಗೂ ಲಾಭವಿತ್ತು. ಕ್ರೈಸ್ಟ್‌ನಲ್ಲಿ ಸೆಂಟರ್ ಫಾರ್ ಸೋಷಿಯಲ್ ಆ್ಯಕ್ಷನ್ ಎಂಬ ಘಟಕ 1999ರಿಂದ ಇದೆ, ಕೊಳೆಗೇರಿ ಮತ್ತು ಹಳ್ಳಿಗಳಲ್ಲಿ ಕೆಲಸ ಮಾಡುತ್ತದೆ. ಅದನ್ನು ಗೌರವದಿಂದ ನೋಡುತ್ತೇನೆ. ನನ್ನ ಕೋರಿಕೆ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು: ಬಿಡುವಿನ ವೇಳೆಯ ಸೇವೆ ಅಂಕ ತರುವ ಪಾಠವೂ ಆಗಬೇಕು, ಸಿಐಎ (ನಿರಂತರ ಆಂತರಿಕ ಮೌಲ್ಯಮಾಪನ) ಅಸೈನ್‌ಮೆಂಟಿನ ಒಂದು ಭಾಗ ಬೇಕರಿಯ ಕಟ್ಟೆಯ ಮೇಲೆ ಬರೆಯುವಂತಾಗಬೇಕು.

ಹಾಗೆ ಬರೆಯಲು ಕನ್ನಡ ಬೇಕು. ಪದವಿಯಲ್ಲಿ ಕನ್ನಡ ಕಡ್ಡಾಯ ಮಾಡಿದ 2021ರ ಸರ್ಕಾರಿ ಆದೇಶ ಹೈಕೋರ್ಟಿನಲ್ಲಿ ಸಿಕ್ಕಿಕೊಂಡಿತು. 2022ರಲ್ಲಿ ನ್ಯಾಯಾಲಯ ಮಧ್ಯಂತರ ಆದೇಶದಿಂದ ಒತ್ತಾಯವನ್ನು ತಡೆಯಿತು. ಕಡ್ಡಾಯದ ಜಗಳ ಅದರ ಪಾಡಿಗೆ ನಡೆಯಲಿ. ಈ ಊರಿನಲ್ಲಿ ಮಾರಾಟ ಮಾಡಬೇಕಾದವರಿಗೆ, ಕಾರ್ಮಿಕರ ಜೊತೆ ಮಾತಾಡಬೇಕಾದವರಿಗೆ ಕನ್ನಡ ವೃತ್ತಿಯ ಸಾಧನ. ಬೇರೆ ರಾಜ್ಯಗಳಿಂದ ಬಂದು ಕೆಂಗೇರಿಯ ಪಿಜಿಗಳಲ್ಲಿ ಇರುವ ಮಕ್ಕಳಿಗೆ ಮೂರು ವರ್ಷ ಕಡಿಮೆ ಸಮಯವಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗರು ಇಂಗ್ಲಿಷ್ ಸಂದರ್ಶನದಲ್ಲೇ ತಡವರಿಸಿ ಹಿಂದುಳಿಯುತ್ತಿದ್ದರೆ, ಅಂಗಡಿಯ ಗಲ್ಲಾಪೆಟ್ಟಿಗೆ ಹಿಂದೆ ಕೂತು ಬೆಳೆದ ಅವರ ತಿಳಿವಳಿಕೆಯನ್ನು ತರಗತಿ ಕಳೆದುಕೊಳ್ಳುತ್ತದೆ.

ಫೀಸಿನ ಮಾತನ್ನು ಬಿಡುವಂತಿಲ್ಲ. ಖಾಸಗಿ ವಿಶ್ವವಿದ್ಯಾಲಯಗಳ ಬಿಬಿಎ ವರ್ಷಕ್ಕೆ ಲಕ್ಷಗಳ ಮಾತು. ಲಗ್ಗೆರೆಯ ಆಟೊ ಚಾಲಕರ ಮಗಳಿಗೆ ಅದು ಎಟುಕುವುದಿಲ್ಲ. ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಹಕ್ಕನ್ನು 30ನೇ ವಿಧಿ ಕೊಟ್ಟಿದೆ. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಆ ಹಕ್ಕನ್ನು ವಿವರವಾಗಿ ಪರಿಶೀಲಿಸಿತು. ಮುಂದೆ ಬಂದ 15(5)ನೇ ವಿಧಿ ಖಾಸಗಿ ಸಂಸ್ಥೆಗಳಿಗೂ ಮೀಸಲಾತಿ ತರಲು ದಾರಿ ಮಾಡಿದಾಗ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಹೊರಗಿಟ್ಟಿತು. ಆ ಹಕ್ಕಿನ ಪರವಾಗಿಯೇ ನಾನಿದ್ದೇನೆ. ಆದರೆ ಕಾನೂನಿನ ಒತ್ತಾಯ ಇಲ್ಲದ ಕಡೆ ಸಂಸ್ಥೆಯ ಮನಸ್ಸೇ ಮುಂದೆ ಬರಬೇಕು. ಕ್ರೈಸ್ಟ್‌ನ ಧ್ಯೇಯವಾಕ್ಯದಲ್ಲಿ ಉತ್ಕೃಷ್ಟತೆಯ ಪಕ್ಕದಲ್ಲೇ ಸೇವೆ ಇದೆ. ಹಿಡಿ ಅಕ್ಕಿ ಎತ್ತಿಡಿಸಿದ ಚಾವರ ಅವರ ಹೆಸರಿನಲ್ಲಿ ಪಶ್ಚಿಮ ಬೆಂಗಳೂರಿನ ಸರ್ಕಾರಿ ಪಿಯು ಕಾಲೇಜುಗಳ ಮಕ್ಕಳಿಗೆಂದೇ ಪ್ರತಿ ಬಿಬಿಎ ಸೆಕ್ಷನ್‌ನಲ್ಲಿ ಪೂರ್ತಿ ಫೀಸು ವಿನಾಯಿತಿಯ ಸೀಟುಗಳನ್ನು ತೆಗೆದಿಡಬೇಕು. ಎಷ್ಟು ಸೀಟು, ಯಾವ ಆಧಾರದ ಮೇಲೆ ಎಂಬುದನ್ನು ಪ್ರವೇಶ ಪ್ರಕಟಣೆಯಲ್ಲೇ ಕನ್ನಡದಲ್ಲೂ ಹೇಳಬೇಕು.

ಬದಲಾವಣೆಗೆ ಇದು ಸರಿಯಾದ ಹೊತ್ತು. 2024–25ರಿಂದ ಬಿಬಿಎ ಕೋರ್ಸ್ ಎಐಸಿಟಿಇ ವ್ಯಾಪ್ತಿಗೆ ಬಂದು ಹೊಸ ಮಾದರಿ ಪಠ್ಯಕ್ರಮ ಸಿದ್ಧವಾಗಿದೆ. ಅದೇ ವರ್ಷ ರಾಜ್ಯ ಸರ್ಕಾರ, ರಾಜ್ಯ ಶಿಕ್ಷಣ ನೀತಿ ರೂಪಿಸುವ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇಲೆ, ತನ್ನ ವಿಶ್ವವಿದ್ಯಾಲಯಗಳನ್ನು ಮೂರು ವರ್ಷದ ಪದವಿಗೆ ಮರಳಿಸಿತು. ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಯುಜಿಸಿ ನಿಯಮದಂತೆ ನಾಲ್ಕು ವರ್ಷದ ಆನರ್ಸ್ ನಡೆಸುವ ಅವಕಾಶವಿದೆ. ನಾಲ್ಕನೆಯ ವರ್ಷಕ್ಕೂ ಫೀಸು ಪಡೆಯುವವರು ಆ ವರ್ಷವನ್ನು ಕುಂಬಳಗೋಡು, ಪೀಣ್ಯದ ಸಣ್ಣ ಕೈಗಾರಿಕೆಗಳ ಅಧ್ಯಯನಕ್ಕೆ ಮೀಸಲಿಟ್ಟರೆ ಕೊಟ್ಟ ಹಣಕ್ಕೆ ನ್ಯಾಯ ಸಲ್ಲುತ್ತದೆ.

ಮಕ್ಕಳನ್ನು ಸೇರಿಸಲು ಹೊರಟ ತಂದೆತಾಯಿಯರಲ್ಲಿ ಒಂದು ವಿನಂತಿ. ಕ್ಯಾಂಪಸ್ ನೋಡಲು ಹೋದಾಗ ಅತಿ ದೊಡ್ಡ ಪ್ಯಾಕೇಜ್ ಯಾರಿಗೆ ಸಿಕ್ಕಿತೆಂದು ಕೇಳುವ ಮೊದಲು, ಕಳೆದ ವರ್ಷದ ವಿದ್ಯಾರ್ಥಿಗಳು ಎಷ್ಟು ದಿನ ಯಾವ ಕಾರ್ಖಾನೆ, ಯಾವ ಅಂಗಡಿಯಲ್ಲಿ ಕೆಲಸ ಮಾಡಿದರು, ಅದಕ್ಕೆ ಎಷ್ಟು ಅಂಕ ಸಿಕ್ಕಿತು, ಎಷ್ಟು ಮಕ್ಕಳಿಗೆ ಫೀಸು ವಿನಾಯಿತಿ ಸಿಕ್ಕಿದೆ ಎಂದು ಕೇಳಿ. ಉತ್ತರವನ್ನು ಬರಹದಲ್ಲಿ ಕೊಡುವಂತೆ ಕೇಳಿ.