ಭೂಗರ್ಭಶಾಸ್ತ್ರದ ಉಚ್ಚ ವ್ಯಾಸಂಗ

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ದಿನದಿಂದ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತದೆ: ಮುಂದೇನು? ಉತ್ತರಗಳು ಬಹುಮಟ್ಟಿಗೆ ಮೊದಲೇ ಸಿದ್ಧವಾಗಿರುತ್ತವೆ. ವಾಣಿಜ್ಯ, ಇಲ್ಲವೆ ಇಂಜಿನಿಯರಿಂಗ್; ಅಂಕಗಳು ಕೈಹಿಡಿದರೆ ವೈದ್ಯಕೀಯ. ಭೂಗರ್ಭಶಾಸ್ತ್ರದ ಹೆಸರನ್ನು ಈ ಚರ್ಚೆಯಲ್ಲಿ ನಾವು ಕೇಳಿದ್ದು ಅಪರೂಪ. ಕೇಳಿದ್ದಾದರೂ "ಕಲ್ಲು ಓದಿ ಏನು ಮಾಡುತ್ತೀ?" ಎಂಬ ನಗೆಯೊಡನೆಯೇ. ಬೇರೆಲ್ಲಿಯೂ ಸ್ಥಳ ದೊರೆಯದವರು ಸೇರಿಕೊಳ್ಳುವ ವಿಷಯವಿದು ಎಂಬ ಭಾವನೆ ಬಲವಾಗಿ ಬೇರೂರಿದೆ. ಅದು ತಪ್ಪು ಭಾವನೆಯೆಂದು ನಾವು ತಿಳಿಯುತ್ತೇವೆ.

ಅಂಧೇರಿಯ ಗಿಲ್ಬರ್ಟ್ ಗುಡ್ಡವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಸುತ್ತಲೂ ಒತ್ತಾಗಿ ಕಟ್ಟಿದ ಮನೆಗಳು. ನಡುವೆ ಸುಮಾರು 200 ಅಡಿ ಎತ್ತರಕ್ಕೆ ಒಂದಕ್ಕೊಂದು ಅಂಟಿ ನಿಂತ ಕರಿಕಲ್ಲಿನ ಕಂಬಗಳು. ನೆತ್ತಿಯ ಮೇಲೆ ದೇವಿಯ ಗುಡಿ. ಉಡುಪಿಯ ಕಡೆಯವರು ರಜೆಯಲ್ಲಿ ಊರಿಗೆ ಹೋದಾಗ ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರಿ ದ್ವೀಪವನ್ನೂ ಕಂಡಿರಬಹುದು. ಅಲ್ಲಿಯೂ ಅಂಥವೇ ಕಂಬಗಳು. ಕುದಿಯುವ ಶಿಲಾರಸವು ತಣಿಯುತ್ತ ಕುಗ್ಗಿ, ಬತ್ತಿದ ಕೆರೆಯ ಕೆಸರು ಬಿರಿಯುವಂತೆ ಬಿರಿದು, ಎರಡೂ ಕಡೆ ಈ ಆಕಾರವನ್ನು ತಳೆಯಿತು. ಕಣ್ಣಿಗೆ ಇವೆರಡೂ ಒಡಹುಟ್ಟಿದವುಗಳಂತೆಯೇ ಸರಿ. ಆದರೆ ದ್ವೀಪದ ಕಲ್ಲು ಸುಮಾರು 8.8 ಕೋಟಿ ವರ್ಷಗಳಷ್ಟು ಹಿಂದಿನದು, ಮಡಗಾಸ್ಕರವು ಭಾರತದ ಪಶ್ಚಿಮ ಅಂಚಿನಿಂದ ಬೇರೆಯಾದ ಕಾಲದ್ದು. ಅಂಧೇರಿಯದು ಅದಕ್ಕಿಂತ ಎರಡು ಕೋಟಿ ವರ್ಷಗಳಿಗೂ ಹೆಚ್ಚು ಕಿರಿಯದು. ಕಲ್ಲಿನೊಳಗಿನ ಪೊಟಾಸಿಯಂನ ಒಂದಂಶವು ಬಲು ನಿಧಾನವಾಗಿ ಆರ್ಗಾನ್ ಅನಿಲವಾಗಿ ಮಾರ್ಪಡುತ್ತದೆ. ಅದನ್ನು ಅಳೆದು ಈ ಲೆಕ್ಕವನ್ನು ಕಂಡುಹಿಡಿಯಲಾಗಿದೆ.

ಕಣ್ಣಿಗೆ ಕಾಣುವುದರ ಆಚೆಗೆ ಹೋಗುವ ಈ ವಿದ್ಯೆ ಪಕ್ವವಾಗುವುದು ಎಂ.ಎಸ್‌ಸಿ. ತರಗತಿಯಲ್ಲಿ. ಅಲ್ಲಿ ವಿದ್ಯಾರ್ಥಿಯು ಒಂದು ಚೂರು ಕಲ್ಲನ್ನು ಗಾಜಿನ ಮೇಲೆ ಅಂಟಿಸಿ, 0.03 ಮಿಲಿಮೀಟರ್ ದಪ್ಪಕ್ಕೆ ಇಳಿಯುವತನಕ ಅರೆದು, ಸೂಕ್ಷ್ಮದರ್ಶಕದಡಿ ಇಡುತ್ತಾನೆ. ಕಪ್ಪಾಗಿ ಜಡವಾಗಿ ಕಂಡಿದ್ದ ಕಲ್ಲಿನೊಳಗಿಂದ ಬೆಳಕು ಹಾದುಬಂದು ಹಳದಿ, ನೀಲಿ, ನೇರಳೆ ಬಣ್ಣದ ಹರಳುಗಳು ತೋರುತ್ತವೆ. ಯಾವ ಹರಳು ಮೊದಲು ಕಟ್ಟಿತು, ಯಾವುದು ಅನಂತರ, ಎಂಬುದನ್ನು ಅಲ್ಲಿ ಓದಿಕೊಳ್ಳಬಹುದು. ಒಮ್ಮೆ ಇದನ್ನು ಕಂಡವರು ರಸ್ತೆಯ ಜಲ್ಲಿಯನ್ನೂ ಮೊದಲಿನಂತೆ ತುಳಿಯಲಾರರು.

ಹೊಟ್ಟೆಪಾಡಿನ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕೋಲಾರದ ಗಣಿ 2001ರಲ್ಲಿಯೇ ಮುಚ್ಚಿತು, ಇನ್ನೇಕೆ ಈ ವಿದ್ಯೆ ಎನ್ನುವವರುಂಟು. ಹಟ್ಟಿಯ ಗಣಿ ಮುಚ್ಚಿಲ್ಲ. ಅಲ್ಲದೆ ಚಿನ್ನವೊಂದೇ ಈ ಶಾಸ್ತ್ರದ ಫಲವಲ್ಲ. ಮುಂಬಯಿಯ ನೆಲದಡಿ ಮೆಟ್ರೊ ಸುರಂಗ ಕೊರೆಯುವ ಮುನ್ನ ಒಳಗಿನ ಕಲ್ಲು ಗಟ್ಟಿಯೋ ಬಿರುಕೋ ಎಂದು ಹೇಳುವವರು ಬೇಕು. ಬರದ ನಾಡಿನಲ್ಲಿ ಬಾವಿಗೆ ಜಾಗ ತೋರುವವರು ಬೇಕು. 1967ರ ಡಿಸೆಂಬರದಲ್ಲಿ ಕೊಯ್ನಾ ನಡುಗಿದ ಮೇಲೆ ಜಲಾಶಯಕ್ಕೂ ಭೂಕಂಪಕ್ಕೂ ಇರುವ ನಂಟನ್ನು ಶೋಧಿಸಿದವರಂಥವರು ಬೇಕು. 1851ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಭೂವಿಜ್ಞಾನಿಯ ಹುದ್ದೆಗೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯುಂಟು. ಅದಕ್ಕೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ಐ.ಐ.ಟಿ.ಗಳ ಎಂ.ಎಸ್‌ಸಿ. ಪ್ರವೇಶಕ್ಕೆ 'ಜಾಮ್' ಪರೀಕ್ಷೆ. ಬಿ.ಎಸ್‌ಸಿ.ಗೇ ನಿಲ್ಲಿಸಿದವನು ಬಾಗಿಲವರೆಗೆ ಬಂದು ಮರಳಿದಂತೆ.

ಕನ್ನಡದಲ್ಲಿ ಕಲಿತ ನಮಗೆ ಆ ಇಂಗ್ಲಿಷ್ ಪರಿಭಾಷೆ ಎಟುಕೀತೇ ಎಂಬ ಅಂಜಿಕೆಯೂ ಇದೆ. ವಾಸ್ತವವಾಗಿ ಆ ಪರಿಭಾಷೆ ಇಂಗ್ಲಿಷರಿಗೂ ಎರವಲಿನದೇ. 'ನೈಸ್' ಎಂಬುದು ಜರ್ಮನ್ ಗಣಿಗಾರರ ಮಾತು. ದಖ್ಖನ್ 'ಟ್ರ್ಯಾಪ್' ಎಂಬಲ್ಲಿಯ ಟ್ರ್ಯಾಪ್ ಸ್ವೀಡಿಷರ 'ಮೆಟ್ಟಿಲು'. ರೈಲಿನಲ್ಲಿ ಕಸಾರಾ ಘಟ್ಟ ಏರುವಾಗ ಗುಡ್ಡಗಳನ್ನು ನೋಡಿದರೆ ಹೆಸರಿನ ಔಚಿತ್ಯ ತಿಳಿಯುತ್ತದೆ. ಬೆಣಚುಕಲ್ಲು, ಬಳಪದ ಕಲ್ಲು, ಮುರಕಲ್ಲು, ಕಾಗೆಬಂಗಾರ ಎಂಬ ಮಾತುಗಳನ್ನು ಅಜ್ಜಿಯ ಬಾಯಿಂದ ಕೇಳಿದ ಹುಡುಗನು ಪಾಠದ ಆರಂಭವನ್ನು ಮನೆಯಲ್ಲಿಯೇ ಮಾಡಿದ್ದಾನೆ. ಇನ್ನು, ಬ್ರೂಸ್ ಫೂಟನು ಹತ್ತೊಂಬತ್ತನೆಯ ಶತಮಾನದಲ್ಲಿ 'ಧಾರವಾಡ' ಎಂದು ಹೆಸರಿಟ್ಟ ಶಿಲೆಗಳನ್ನು ಪರದೇಶದ ವಿದ್ಯಾರ್ಥಿಗಳೂ ಇಂದಿಗೂ ಅದೇ ಹೆಸರಿನಿಂದ ಕಲಿಯುತ್ತಾರೆ. ಉಚ್ಚಾರಣೆಯಲ್ಲಿ ಕಷ್ಟಪಡುವ ಸರದಿ ಅಲ್ಲಿ ಅವರದು.

ನಮಗೆ ನಿಜವಾಗಿ ಕಳವಳ ತರುವ ಸಂಗತಿ ಬೇರೆಯೇ ಇದೆ. ಈ ಶಾಸ್ತ್ರದ ಪ್ರಯೋಗಶಾಲೆ ಗುಡ್ಡದ ಮೇಲಿದೆ. ಸುತ್ತಿಗೆ, ದಿಕ್ಸೂಚಿ, ನಕ್ಷೆ ಹಿಡಿದು ಬಿಸಿಲಲ್ಲಿ ವಾರಗಟ್ಟಲೆ ಅಲೆಯದೆ ಪಡೆದ ಪದವಿಯನ್ನು ನಾವು ಪದವಿಯೆಂದು ಎಣಿಸುವುದಿಲ್ಲ. ಹಾಗಿರುವಾಗ ನಮ್ಮ ಹೆಣ್ಣುಮಕ್ಕಳ ಗತಿಯೇನು? ನಮ್ಮ ಶಾಲೆಯಲ್ಲಿಯೇ ಕಲಿತ ಒಬ್ಬಳು ಬಿ.ಎಸ್‌ಸಿ.ಯಲ್ಲಿ ಭೂಗರ್ಭಶಾಸ್ತ್ರವನ್ನು ಆರಿಸಿಕೊಂಡು ಒಳ್ಳೆಯ ಅಂಕಗಳಿಂದ ತೇರ್ಗಡೆಯಾದಳು. ಎಂ.ಎಸ್‌ಸಿ.ಗೆ ಸ್ಥಳವೂ ದೊರೆಯಿತು. ಮೂರು ವಾರ ಊರಾಚೆ ಶಿಬಿರವೆಂದು ಕೇಳುತ್ತಲೇ ತಂದೆಯವರು ಬೇಡವೆಂದರು. ಆಕೆ ಈಗ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತಾಳೆ. ತಂದೆಯವರ ಭಯವನ್ನು ನಾವು ಹಳಿಯುವುದಿಲ್ಲ. ಆದರೆ ಆ ಭಯಕ್ಕೆ ಆಕೆ ತೆತ್ತ ಬೆಲೆಯನ್ನು ಯಾರೂ ಎಣಿಸಲಿಲ್ಲ.

1952ರ ಗಣಿ ಕಾಯಿದೆಯು ಹೆಂಗಸರು ನೆಲದಡಿಯ ಗಣಿಯಲ್ಲಿ ದುಡಿಯುವುದನ್ನು ನಿಷೇಧಿಸಿತ್ತು. 2019ರಲ್ಲಿ ಕೇಂದ್ರ ಸರಕಾರವು ತಾಂತ್ರಿಕ, ಮೇಲ್ವಿಚಾರಣೆಯ ಹಾಗೂ ಆಡಳಿತದ ಕೆಲಸಗಳಿಗೆ, ಕೆಲವು ನಿಬಂಧನೆಗಳೊಡನೆ, ಆ ನಿಷೇಧವನ್ನು ಸಡಿಲಿಸಿತು. ಸರಕಾರ ಸಡಿಲಿಸಿದ್ದನ್ನು ಮನೆ ಇನ್ನೂ ಬಿಗಿಹಿಡಿದಿದೆ. ಕಾಲೇಜಿನಲ್ಲಿ ಹೆಸರು ಬರೆಸುವ ಮುನ್ನ ವರ್ಷಕ್ಕೆ ಎಷ್ಟು ದಿನ ಗುಡ್ಡದಲ್ಲಿ, ಯಾವ ಅಧ್ಯಾಪಕರ ಸಂಗಡ, ವಸತಿ ಎಲ್ಲಿ ಎಂದು ತಂದೆತಾಯಿಗಳು ಹೋಗಿ ವಿಚಾರಿಸಲಿ. ಬೇಕಾದರೆ ಮೊದಲ ಶಿಬಿರದ ದಿನ ನಿಲ್ದಾಣದವರೆಗೆ ಬಂದು ಬೀಳ್ಕೊಡಲಿ. ಒಪ್ಪಿಗೆಯ ಕಾಗದಕ್ಕೆ ರುಜು ಮಾತ್ರ ಹಾಕಲಿ.