‘ತೊಳೆದರೆ ಫ್ರೇಮಿಗೆ ಆಗುತ್ತೆ’

ಹಳೆಯ ಮಡಚುವ ಪ್ಲೇಟ್ ಕ್ಯಾಮೆರಾಗಳಿಗೆ ಬೆಲೆ ಕಟ್ಟುವ ಸಂಗ್ರಾಹಕರ ಬಗ್ಗೆ ನನ್ನದೊಂದು ತಕರಾರಿದೆ. ಅವರು ಮೊದಲು ನೋಡುವುದು ಲೆನ್ಸಿನ ಮೇಲಿನ ಹೆಸರನ್ನು. ಝೈಸ್‌ನ ಟೆಸ್ಸಾರ್ ಆದರೆ ಒಂದು ಬೆಲೆ, ಅಗ್ಗದ ಲೆನ್ಸಾದರೆ ಇನ್ನೊಂದು. ಆಮೇಲೆ ಬೆಲ್ಲೋಸಿನ ಮಡಿಕೆಗಳಲ್ಲಿ ತೂತಿದೆಯೇ, ಶಟರ್ ಓಡುತ್ತದೆಯೇ, ನಿಕ್ಕಲ್ ಹೊಳೆಯುತ್ತದೆಯೇ ಎಂಬ ಪರೀಕ್ಷೆ. ಇದೆಲ್ಲ ಬೇಕಾದದ್ದೇ. ಆದರೆ ಪರೀಕ್ಷೆ ಅಲ್ಲಿಗೇ ನಿಂತುಬಿಡುತ್ತದೆ.

ಈ ಕ್ಯಾಮೆರಾಗಳಲ್ಲಿ ಹೆಚ್ಚಿನವು ಅಪರೂಪದವೇನಲ್ಲ. ಇಕಾ, ಎರ್ನೆಮನ್, ಗೋರ್ಜ್, ಕಾಂಟೆಸ್ಸಾ-ನೆಟ್ಟೆಲ್ ಕಂಪನಿಗಳು 1926ರಲ್ಲಿ ಒಂದಾಗಿ ಡ್ರೆಸ್ಡನ್ನಿನ ಝೈಸ್ ಇಕಾನ್ ಆಯಿತು. ಅದಕ್ಕೆ ಮೊದಲೂ ಆಮೇಲೂ ಜರ್ಮನಿಯ ಕಾರ್ಖಾನೆಗಳು 9×12 ಸೆಂ.ಮೀ. ಗಾಜಿನ ಪ್ಲೇಟು ಹಿಡಿಸುವ ಇಂಥ ಕ್ಯಾಮೆರಾಗಳನ್ನು ರಾಶಿಗಟ್ಟಲೆ ಮಾಡಿದವು. ‘ನೂರು ವರ್ಷ ಹಳೆಯದು’ ಎಂದ ಮಾತ್ರಕ್ಕೆ ಬೆಲೆ ಏರಬೇಕಿಲ್ಲ. ಸಿಗದೆ ಹೋಗುತ್ತಿರುವುದು ಅದರ ಜೊತೆಗಿದ್ದ ಸಾಮಾನು: ಹಿಂಬದಿಯ ಮಸುಕು ಗಾಜು, ಪ್ಲೇಟ್ ಹೋಲ್ಡರುಗಳು, ಹಳೆಯ ಮಾಲೀಕ ಬರೆದಿಟ್ಟ ಚೀಟಿ, ತೆಗೆದ ನೆಗೆಟಿವ್‌ಗಳು. ಒಂದು ಕಂಪನಿಯ ಹೋಲ್ಡರು ಇನ್ನೊಂದರ ಕ್ಯಾಮೆರಾಕ್ಕೆ ಎಷ್ಟೋ ಸಲ ಕೂರುವುದಿಲ್ಲ. ಹೋಲ್ಡರು ಕಳೆದರೆ ಕ್ಯಾಮೆರಾ ಶೋಕೇಸಿನ ಬೊಂಬೆ. ಆದರೂ ವ್ಯಾಪಾರದಲ್ಲಿ ಹೋಲ್ಡರು ಒಂದು ಕಡೆ, ಲೆನ್ಸು ಒಂದು ಕಡೆ ಹೋಗುತ್ತದೆ. ಲೆನ್ಸು ಅಡಾಪ್ಟರ್ ಹಾಕಿಸಿಕೊಂಡು ಡಿಜಿಟಲ್ ಕ್ಯಾಮೆರಾದ ಮೂತಿಗೆ ಸೇರುತ್ತದೆ.

ನನ್ನ ಸಂಶೋಧನೆ ಹಳೆಯ ಫೋಟೋಗಳ ಮೇಲೆ. ಗುಜರಿ ಅಂಗಡಿಯೊಂದರಲ್ಲಿ ನೆಗೆಟಿವ್ ಪ್ಲೇಟುಗಳ ಕಟ್ಟು ಕೇಳಿದಾಗ, “ಬರೀ ಗಾಜು ಮೇಡಂ, ತೊಳೆದರೆ ಫ್ರೇಮಿಗೆ ಆಗುತ್ತೆ” ಎಂದರು ಅಂಗಡಿಯವರು. ಗಾಜಿನ ಮೇಲಿನ ಜೆಲಾಟಿನ್ ಪದರ ಬಿಸಿನೀರಿಗೆ ಬಿಟ್ಟುಕೊಳ್ಳುತ್ತದೆ. ಅದರ ಜೊತೆ ಯಾರದೋ ಮದುವೆ, ಯಾರದೋ ಅಂಗಳ, ಹೆಸರು ಗೊತ್ತಿಲ್ಲದ ಒಂದು ಮುಖ ಮೋರಿಗೆ ಹೋಗುತ್ತದೆ. ಅಂಗಡಿಯವರನ್ನು ನಾನು ದೂರುವುದಿಲ್ಲ. ಕ್ಯಾಮೆರಾಕ್ಕೆ ಸಾವಿರಗಟ್ಟಲೆ ಕೊಡುವವರು ಪ್ಲೇಟಿಗೆ ಹತ್ತು ರೂಪಾಯಿಯನ್ನೂ ಕೊಡದಿದ್ದರೆ ಅವರಾದರೂ ಏನು ಮಾಡಬೇಕು?

“ನಾವಿಲ್ಲದಿದ್ದರೆ ಕ್ಯಾಮೆರಾವೂ ಗುಜರಿಗೇ ಹೋಗುತ್ತಿತ್ತು” ಎನ್ನುತ್ತಾರೆ ಸಂಗ್ರಾಹಕರು. ನಿಜ. ಉಳಿಸಿದ ಋಣ ದೊಡ್ಡದು. ಆದರೆ ಹೊಸ ಚರ್ಮ ಹೊದಿಸಿ, ಮಾರಿದ ಅಂಗಡಿಯ ಚೀಟಿ ಕೆರೆದು, ಹೊಸದರಂತೆ ತಿಕ್ಕಿ ಇಟ್ಟರೆ ಅದು ಯಾರ ಕೈಯಲ್ಲಿ, ಎಲ್ಲಿ ದುಡಿಯಿತೆಂದು ತಿಳಿಯುವ ದಾರಿಯೇ ಮುಚ್ಚುತ್ತದೆ. ರಿಪೇರಿ ಮಾಡಿ, ಏನು ಬದಲಿಸಿದಿರೆಂದು ಬರೆದಿಡಿ. ಹೋಲ್ಡರುಗಳನ್ನು ಬೇರೆ ಮಾಡಬೇಡಿ. ಪ್ಲೇಟು ಸಿಕ್ಕರೆ ಒಣಬಟ್ಟೆಯಲ್ಲೂ ಉಜ್ಜದೆ, ಒಂದೊಂದಕ್ಕೂ ಕಾಗದ ಸುತ್ತಿ, ನಿಲ್ಲಿಸಿ ಇಡಿ. ಮತ್ತು ಬೆಲೆ ಕೇಳುವಾಗ ಲೆನ್ಸಿನ ನಂಬರಿಗಿಂತ ಮೊದಲು, “ಇದರ ಪ್ಲೇಟುಗಳೆಲ್ಲಿ?” ಎಂದು ಕೇಳಿ. ನಾಲ್ಕು ಜನ ಕೇಳತೊಡಗಿದರೆ ಅಂಗಡಿಯವರು ತೊಳೆಯುವುದನ್ನು ತಾವಾಗಿಯೇ ನಿಲ್ಲಿಸುತ್ತಾರೆ.